ಮಾಜಿ ಸೈನಿಕರ ಗುರುತಿನ ಚೀಟಿ: ಬೋರ್ಡಿಗೆ ಹೋಗುವ ಮೊದಲು ಡಿಸ್ಚಾರ್ಜ್ ಬುಕ್ ಬಿಚ್ಚಿ ನೋಡಿ

ಮಿಲಿಟರಿಯಿಂದ ಹೊರಬೀಳುವ ದಿನ ಐ-ಕಾರ್ಡನ್ನು ಜಮಾ ಮಾಡಿ ಬರಬೇಕು. ಹದಿನೇಳು ವರ್ಷ ಎದೆಜೇಬಿನಲ್ಲಿದ್ದ ಕಾರ್ಡ್ ಅದು. ಕ್ಲರ್ಕ್ ಮೇಜಿನ ಮೇಲೆ ಇಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ, ರೈಲು ಹತ್ತಿದೆ. ಊರಿಗೆ ಬಂದು ಹದಿನೈದು ದಿನ ಆಗಿರಲಿಲ್ಲ, ಬ್ಯಾಂಕಿನ ಕೆಲಸವೊಂದಕ್ಕೆ ಅರ್ಜಿ ತುಂಬಲು ಕೂತೆ. ಮಾಜಿ ಸೈನಿಕ ಎಂಬುದಕ್ಕೆ ದಾಖಲೆ ಕೊಡಿ ಎಂದಿತ್ತು. ಇಡೀ ಊರಿಗೆ ನಾನು ಮಿಲಿಟರಿಯವನು. ತೋರಿಸೋಣ ಅಂದ್ರೆ ಕೈಯಲ್ಲಿ ಒಂದು ಕಾರ್ಡೂ ಇಲ್ಲ.

ಆ ದಾಖಲೆಯೇ ಮಾಜಿ ಸೈನಿಕರ ಗುರುತಿನ ಚೀಟಿ. ಕರ್ನಾಟಕದಲ್ಲಿ ಇದನ್ನು ಕೊಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ. ನಮ್ಮ ಕಡೆ ಎಲ್ಲರೂ ಸುಮ್ನೆ 'ಸೈನಿಕ ಬೋರ್ಡ್' ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಚೀಟಿ ಮಾಡಿಸುವುದು ಕಷ್ಟದ ಕೆಲಸ ಅಲ್ಲ. ಕಾಗದಗಳಲ್ಲಿರುವ ಹೆಸರು, ತಾರೀಖು ಒಂದಕ್ಕೊಂದು ತಾಳೆಯಾದರೆ ಸಲೀಸು. ತಾಳೆಯಾಗದಿದ್ದರೆ ತಿಂಗಳುಗಟ್ಟಲೆ ಓಡಾಟ. ಅದಕ್ಕೇ ಇಲ್ಲಿ ಅರ್ಜಿಗಿಂತ ಅರ್ಜಿಗೆ ಮುಂಚಿನ ತಯಾರಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಇದನ್ನು ನೋಡಿಕೊಳ್ಳಿ: ಸರ್ಕಾರದ ಲೆಕ್ಕದಲ್ಲಿ ನೀವು ಮಾಜಿ ಸೈನಿಕರಾ?

ಸಮವಸ್ತ್ರ ಹಾಕಿದವರೆಲ್ಲ ಮಾಜಿ ಸೈನಿಕರಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ ಈ ಮೂರರಲ್ಲಿ ಸೇವೆ ಮಾಡಿ, ಪೆನ್ಷನ್ ಪಡೆದು ಬಂದವರು ಯಾವ ತಕರಾರೂ ಇಲ್ಲದೆ ಮಾಜಿ ಸೈನಿಕರು. ಜವಾನರಿಗೆ ಪೆನ್ಷನ್ ಸಿಗಲು ಸಾಮಾನ್ಯವಾಗಿ 15 ವರ್ಷ ಸೇವೆ ಬೇಕು, ಆಫೀಸರುಗಳಿಗೆ 20. ಸೇವೆಯ ಕಾರಣದಿಂದ ಆದ ಕಾಯಿಲೆ ಅಥವಾ ಗಾಯಕ್ಕೆ ಮೆಡಿಕಲ್ ಬೋರ್ಡ್ ಮನೆಗೆ ಕಳಿಸಿ, ಅಂಗವೈಕಲ್ಯ ಪೆನ್ಷನ್ ಕೊಟ್ಟಿದ್ದರೆ ಅವರೂ ಸೇರುತ್ತಾರೆ. ಒಪ್ಪಂದದ ಅವಧಿ ಪೂರ್ತಿ ಮುಗಿಸಿ, ಪೆನ್ಷನ್ ಇಲ್ಲದೆ ಗ್ರಾಚ್ಯುಟಿ ಪಡೆದು ಬಂದವರೂ ಸೇರುತ್ತಾರೆ.

ಎಡವುವುದು ಇಲ್ಲಿ. ಪೆನ್ಷನ್‌ಗೆ ಮೊದಲೇ, ಎಂಟೊಂಬತ್ತು ವರ್ಷಕ್ಕೆ, 'ಮನೆ ಕಡೆ ತೊಂದರೆ' ಅಂತ ತಾವೇ ಬರೆದುಕೊಟ್ಟು ಬಂದವರು ಈಗಿನ ವ್ಯಾಖ್ಯೆಯಲ್ಲಿ ಮಾಜಿ ಸೈನಿಕರಲ್ಲ. ದುರ್ನಡತೆಗೆ ಅಥವಾ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ತೆಗೆದುಹಾಕಿದವರೂ ಅಲ್ಲ. ಈ ವ್ಯಾಖ್ಯೆ ಬಿಡುಗಡೆಯ ತಾರೀಖಿನ ಮೇಲೆ ಬದಲಾಗುತ್ತದೆ. 1 ಜುಲೈ 1987ಕ್ಕಿಂತ ಮುಂಚೆ ಬಂದ ಹಿರಿಯರಿಗೆ ಲೆಕ್ಕ ಬೇರೆ. ಅವರ ಮನೆಯವರು 'ನಮ್ಮದು ಆಗಲ್ಲವಂತೆ' ಅಂತ ಸುಮ್ಮನಾಗಬೇಡಿ, ಬಿಡುಗಡೆಯಾದಾಗ ಸೇನೆ ಕೊಟ್ಟ ಡಿಸ್ಚಾರ್ಜ್ ಬುಕ್ ತೆಗೆದುಕೊಂಡು ಹೋಗಿ ಒಮ್ಮೆ ಕೇಳಿಯೇ ಬನ್ನಿ.

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಿಂದ ಬಂದವರು ಸೈನಿಕ ಬೋರ್ಡಿನ ಬಾಗಿಲಿಗೆ ಬಂದು ಬೇಜಾರು ಮಾಡಿಕೊಂಡು ಹೋಗುವುದನ್ನು ನೋಡಿದ್ದೇನೆ. ಅವರು ರಕ್ಷಣಾ ಇಲಾಖೆಗಲ್ಲ, ಗೃಹ ಇಲಾಖೆಗೆ ಸೇರಿದವರು. 2012ರಲ್ಲಿ ಕೇಂದ್ರ ಅವರಿಗೆ 'ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ' ಎಂಬ ಬೇರೆಯೇ ಹೆಸರು ಕೊಟ್ಟಿತು. ಅವರ ಕೆಲಸ ನೋಡಿಕೊಳ್ಳುವ ಮಂಡಳಿಯೂ ಬೇರೆ. ಇನ್ನು 2022ರ ಅಗ್ನಿಪಥ್ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರು. ಆ ಯೋಜನೆಯ ಷರತ್ತಿನಲ್ಲೇ ಮಾಜಿ ಸೈನಿಕರ ಸ್ಥಾನಮಾನ ಇಲ್ಲ ಎಂದಿದೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಕಟ್ಟೆಯ ಮೇಲೆ ಬೇಕಾದಷ್ಟು ನಡೆಯಲಿ. ಚೀಟಿಗಾಗಿ ಹುಡುಗರನ್ನು ಸುಮ್ನೆ ಓಡಾಡಿಸಬೇಡಿ.

ಡಿಸ್ಚಾರ್ಜ್ ಬುಕ್ಕನ್ನು ಪುಟ ಪುಟ ಓದಿ

ನಿಮ್ಮ ಸೇವೆಯ ವಿವರವೆಲ್ಲ ಇರುವುದು ಇದರಲ್ಲೇ. ಆದರೂ ನಮ್ಮಲ್ಲಿ ಬಹಳ ಜನ ಈ ಪುಸ್ತಕವನ್ನು ಓದಿಯೇ ಇರುವುದಿಲ್ಲ. ಕೊಟ್ಟ ದಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದರೆ ಮುಗೀತು. ಈಗ ತೆಗೆಯಿರಿ. ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಆಧಾರ್ ಮತ್ತು ಪಿಪಿಒ ಇಟ್ಟುಕೊಂಡು ಕೂರಿ. ಪಿಪಿಒ ಅಂದರೆ ಪೆನ್ಷನ್ ಪಾವತಿ ಆದೇಶ. ಈಗ ಸೇನಾ ಪೆನ್ಷನ್ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್‌ನಲ್ಲಿ ಲಾಗಿನ್ ಆದರೆ ಇ-ಪಿಪಿಒ ಸಿಗುತ್ತದೆ. ನಿಮಗೆ ಮೊಬೈಲಿನಲ್ಲಿ ಆಗದಿದ್ದರೆ ಊರಿನ ಸಿಎಸ್‌ಸಿ ಕೇಂದ್ರದಲ್ಲಿ ಮಾಡಿಕೊಡುತ್ತಾರೆ.

ಮೊದಲು ಆರ್ಮಿ ನಂಬರ್. ಹಿಂದಿನ ಅಕ್ಷರ, ಮುಂದಿನ ಅಕ್ಷರ ಸೇರಿಸಿ ನೋಡಿ. ಜೆಸಿಒ (ನಾಯಬ್ ಸುಬೇದಾರ್, ಸುಬೇದಾರ್ ದರ್ಜೆ) ಆದವರಿಗೆ ನಂಬರೇ ಬದಲಾಗಿರುತ್ತದೆ, ಹಳೆಯದು ಹೊಸದು ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಭರ್ತಿಯಾದ ತಾರೀಖು, ಬಿಡುಗಡೆಯ ತಾರೀಖು, ರ‍್ಯಾಂಕು.

ಅದಾದ ಮೇಲೆ ಬಿಡುಗಡೆಯ ಕಾರಣ. ಭೂಸೇನೆಯವರಿಗೆ ಇಲ್ಲಿ 1954ರ ಸೇನಾ ನಿಯಮ 13(3)ರ ಒಂದು ಐಟಂ ನಂಬರ್ ಬರೆದಿರುತ್ತಾರೆ. ಒಂದು ಸಾಲಿನ ಆ ಬರಹವೇ ನಿಮ್ಮ ಹಣೆಬರಹ. ಸೇವಾವಧಿ ಮುಗಿಸಿ ಬಂದಿರೋ, ವೈದ್ಯಕೀಯ ಕಾರಣಕ್ಕೋ, ಸ್ವಂತ ಕೋರಿಕೆಗೋ ಎಂಬುದು ಅಲ್ಲೇ ಇದೆ. ಬೋರ್ಡಿನವರು ಪುಸ್ತಕ ಕೈಗೆ ತೆಗೆದುಕೊಂಡ ಕೂಡಲೇ ನೋಡುವುದೂ ಆ ಸಾಲನ್ನೇ. ನಡತೆಯ ಕಾಲಂ ಕೂಡ ನೋಡಿಡಿ. 'ಎಕ್ಸೆಂಪ್ಲರಿ', 'ವೆರಿ ಗುಡ್', 'ಗುಡ್' ಎಂಬ ಮಾತುಗಳು ಮುಂದೆ ಸೆಕ್ಯೂರಿಟಿ ಕೆಲಸಕ್ಕೆ ಹೋದರೂ ಕೇಳುತ್ತಾರೆ.

ನೌಕಾಪಡೆ, ವಾಯುಪಡೆಯವರ ಪ್ರಮಾಣಪತ್ರದ ರೂಪ ಬೇರೆ. ಅದರಲ್ಲೂ ನೋಡಬೇಕಾದದ್ದು ಇವನ್ನೇ.

ಹೆಸರಿನ ಕಥೆ

ಚೀಟಿ ತಡವಾಗುವುದು ಬಹುಪಾಲು ಹೆಸರಿನಿಂದ. ಇದಕ್ಕೆ ಅರ್ಧ ಕಾರಣ ನಮ್ಮ ಊರಿನ ಪದ್ಧತಿ, ಅರ್ಧ ಕಾರಣ ಭರ್ತಿ ದಿನದ ಕ್ಲರ್ಕು.

ನಮ್ಮಲ್ಲಿ ಇನಿಷಿಯಲ್ ಇರುತ್ತದೆ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಮಿಲಿಟರಿಯಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಬರೆದಿರುತ್ತಾರೆ. ಉತ್ತರ ಭಾರತದ ಕ್ಲರ್ಕ್ ಕಿವಿಗೆ ಬಿದ್ದ ಹಾಗೆ 'ಬಸವರಾಜ' ಬರೆದರೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಮ್ಮಿ. 'ಅಪ್ಪ'ದಲ್ಲಿ ಒಂದು 'ಪಿ', ಆಧಾರ್‌ನಲ್ಲಿ ಎರಡು. ನಮಗೆ ಇದು ನಗು. ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಹುಟ್ಟಿದ ತಾರೀಖಿನದ್ದು ಇನ್ನೊಂದು ಗೋಳು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡವರು ನಮ್ಮಲ್ಲಿ ಎಷ್ಟು ಜನ ಅಲ್ವಾ? ಮಿಲಿಟರಿ ದಾಖಲೆಗೆ ಆ ಜೂನ್ 1ನೇ ಹೋಗಿದೆ. ಆಧಾರ್ ಮಾಡಿಸುವಾಗ ಬರೀ ವರ್ಷ ಹೇಳಿದವರಿಗೆ ಜನವರಿ 1 ಬಂದು ಕೂತಿದೆ.

ಹೆಂಡತಿಯ ಹೆಸರಿನಲ್ಲಿ ಸಿಕ್ಕಿಕೊಂಡವನು ನಾನು. ನಮ್ಮ ಕಡೆ ಮದುವೆಯಾದ ಮೇಲೆ ಅತ್ತೆಮನೆಯವರು ಸೊಸೆಗೆ ಬೇರೆ ಹೆಸರಿಡುತ್ತಾರೆ. ನನ್ನವಳು ತವರಿನಲ್ಲಿ ಶೋಭಾ, ನಮ್ಮ ಮನೆಯಲ್ಲಿ ಸಾವಿತ್ರಿ. ಮದುವೆ ರಜೆ ಮುಗಿಸಿ ಹೋದಾಗ ಹೆಂಡತಿಯನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಮಾಡಿಸಲು ಯೂನಿಟ್‌ನಲ್ಲಿ ಹೆಸರು ಕೇಳಿದರು. ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿಬಿಟ್ಟೆ. ಅವಳ ಮಾರ್ಕ್ಸ್ ಕಾರ್ಡು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲದರಲ್ಲೂ ಶೋಭಾ. ಕಚೇರಿಯಲ್ಲಿ ಎರಡೂ ಕಾಗದ ಎದುರಿಗೆ ಹಿಡಿದು, "ಇವರಿಬ್ಬರಲ್ಲಿ ನಿಮ್ಮ ಹೆಂಡತಿ ಯಾರ್ರೀ?" ಅಂದರು. ನಾನು ತಬ್ಬಿಬ್ಬು. ಮನೆಗೆ ಬಂದು ಹೇಳಿದರೆ ಇವಳು, "ಇಬ್ಬರೂ ನಾನೇ ಅಂತ ಹೇಳಬಾರದಿತ್ತೇನ್ರೀ" ಅಂದಳು. ಹೇಳಿದರೆ ಆಗುತ್ತಿರಲಿಲ್ಲ, ಅಫಿಡವಿಟ್ಟಿನ ಮೇಲೆ ಬರೆಯಬೇಕಿತ್ತು.

ಯಾವ ಕಾಗದವನ್ನು ತಿದ್ದಿಸಬೇಕು ಎಂಬುದಕ್ಕೆ ನಾನು ಪಾಲಿಸುವ ಲೆಕ್ಕ ಇದು. ನಿಮ್ಮ ಸ್ವಂತ ಹೆಸರು, ಹುಟ್ಟಿದ ತಾರೀಖು ತಾಳೆಯಾಗದಿದ್ದರೆ ಆಧಾರನ್ನು ತಿದ್ದಿಸಿ. ಅದು ಸುಲಭ. ಆದರೆ ಹುಷಾರು, ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ತಾರೀಖನ್ನು ಒಂದೇ ಸಲ ಬದಲಾಯಿಸಲು ಬಿಡುತ್ತಾರೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವ ಅಕ್ಷರಗಳನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಹೂಂ ಅನ್ನಿ.

ಹೆಂಡತಿ ಅಥವಾ ಮಕ್ಕಳ ಹೆಸರು ಸೇನೆಯ ದಾಖಲೆಯಲ್ಲಿ ತಪ್ಪಾಗಿದ್ದರೆ, ಇಲ್ಲವೇ ಇಲ್ಲದಿದ್ದರೆ, ಅಲ್ಲಿಯೇ ತಿದ್ದಿಸಬೇಕು. ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್, ಮದುವೆ ಪ್ರಮಾಣಪತ್ರ ಅಥವಾ ಮಕ್ಕಳ ಜನನ ಪ್ರಮಾಣಪತ್ರ, ಆಧಾರ್ ಪ್ರತಿ ಇವನ್ನು ಸೇರಿಸಿ ಸೈನಿಕ ಬೋರ್ಡ್ ಮೂಲಕ ನಿಮ್ಮ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಕಳಿಸಿ. ಅಲ್ಲಿ ದಾಖಲೆ ತಿದ್ದಿದ ಮೇಲೆ ಪಿಪಿಒಗೂ ತಿದ್ದುಪಡಿ ಬರುತ್ತದೆ. ಅದಕ್ಕೆ ಕೊರಿಜೆಂಡಮ್ ಪಿಪಿಒ ಅಂತಾರೆ. ನಿಧಾನದ ಕೆಲಸ, ನಿಜ. ಆದರೂ ನೀವು ಬದುಕಿರುವಾಗಲೇ ಮಾಡಿಸಿ. ನಾಳೆ ಫ್ಯಾಮಿಲಿ ಪೆನ್ಷನ್‌ಗೆ ಆಕೆ ಒಬ್ಬಳೇ ಓಡಾಡುವಾಗ ಈ ಒಂದು ಹೆಸರಿನಿಂದ ಎಲ್ಲ ನಿಂತುಬಿಡುತ್ತದೆ.

ರೆಕಾರ್ಡ್ ಆಫೀಸು ಎಲ್ಲಿ ಎಂದು ಮರೆತವರಿಗೆ: ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಮತ್ತು ಪ್ಯಾರಾಚೂಟ್ ರೆಜಿಮೆಂಟಿನದು ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್ಪುರ. ನಾವಿಕರ ದಾಖಲೆ ಮುಂಬೈಯಲ್ಲಿ, ವಾಯುಪಡೆಯದು ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿ. ಪತ್ರ ಬರೆಯುವಾಗ ಆರ್ಮಿ ನಂಬರ್, ರ‍್ಯಾಂಕ್, ಹೆಸರು ಮೇಲೇ ಬರೆಯಿರಿ. ನಂಬರ್ ಇಲ್ಲದ ಪತ್ರಕ್ಕೆ ಅಲ್ಲಿ ಗತಿ ಇಲ್ಲ.

ಫೈಲ್ ಕಟ್ಟುವುದು

ಕಾಗದ ತಾಳೆಯಾಯಿತು ಅನ್ನಿ. ಈಗ ಒಂದು ಫೈಲಿಗೆ ಇವನ್ನು ಹಾಕಿ: ಡಿಸ್ಚಾರ್ಜ್ ಬುಕ್ ಮೂಲ ಪ್ರತಿ, ಅದರ ಬರೆದಿರುವ ಎಲ್ಲ ಪುಟಗಳ ಜೆರಾಕ್ಸ್, ಪಿಪಿಒ, ತಿದ್ದುಪಡಿ ಬಂದಿದ್ದರೆ ಅದೂ, ನಿಮ್ಮ ಮತ್ತು ಹೆಂಡತಿಯ ಆಧಾರ್, ಪ್ಯಾನ್, ಪೆನ್ಷನ್ ಬರುವ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ, ಈಗಿನ ವಿಳಾಸಕ್ಕೆ ಪುರಾವೆ, ಮಕ್ಕಳ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಅಳತೆಯ ಫೋಟೋ, ಗಂಡಹೆಂಡತಿ ಜೊತೆಗಿರುವ ಫೋಟೋ. ರಕ್ತದ ಗುಂಪು ತಿಳಿದಿರಲಿ.

ಜೆರಾಕ್ಸ್ ಮಾಡಿಸುವಾಗ ಕುಟುಂಬದ ವಿವರ ಇರುವ ಪುಟವನ್ನು ಬಿಟ್ಟು ಬರುವವರೇ ಜಾಸ್ತಿ. ಆ ಪುಟ ಇಲ್ಲ ಅಂತ ಎಪ್ಪತ್ತು ಕಿಲೋಮೀಟರ್ ವಾಪಸ್ ಹೋದವರನ್ನು ಬಲ್ಲೆ. ಪುಸ್ತಕವನ್ನೇ ಪೂರ್ತಿ ಜೆರಾಕ್ಸ್ ಮಾಡಿಸಿ, ಎರಡು ಸೆಟ್. ಮೊಬೈಲಿನಲ್ಲೂ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಬಳಗದ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ, ಆರ್ಮಿ ನಂಬರ್, ಪಿಪಿಒ ನಂಬರ್ ಎರಡೂ ಸಿಕ್ಕರೆ ಮೋಸಗಾರರಿಗೆ ಹಬ್ಬ.

ಬೋರ್ಡಿಗೆ ಹೋದ ದಿನ

ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿದೆ. ಚೀಟಿಗಾಗಿ ಅಲ್ಲಿಗೆ ಹೋಗಬೇಕಿಲ್ಲ, ನೀವು ವಾಸವಿರುವ ಜಿಲ್ಲೆಯನ್ನು ನೋಡಿಕೊಳ್ಳುವ ಕಚೇರಿ ಸಾಕು. ಎಲ್ಲ ಜಿಲ್ಲೆಯಲ್ಲೂ ಬೋರ್ಡ್ ಇಲ್ಲ. ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ಹಾಗಾಗಿ ಬಸ್ ಹತ್ತುವ ಮೊದಲು ಫೋನ್ ಮಾಡಿ ಮೂರು ಕೇಳಿ: ನಮ್ಮ ಜಿಲ್ಲೆ ನಿಮಗೇ ಸೇರುತ್ತಾ, ಅರ್ಜಿ ಆನ್‌ಲೈನಾ ಕಾಗದದ್ದಾ, ಸಹಿ ಮಾಡುವ ಸಾಹೇಬರು ನಾಳೆ ಇರ್ತಾರಾ. ಮೂರನೆಯದನ್ನು ಕೇಳಲು ಮರೆತು ನಾನು ಒಂದು ದಿನ ಕಳೆದುಕೊಂಡೆ.

ಅಲ್ಲಿ ಮೊದಲು ನಿಮ್ಮ ಹೆಸರು ನೋಂದಣಿಯಾಗುತ್ತದೆ. ಅರ್ಜಿ ತುಂಬಿ, ಮೂಲ ಪುಸ್ತಕ ತೋರಿಸಿ, ಜೆರಾಕ್ಸಿಗೆ ಸಹಿ ಹಾಕಿ ಕೊಡುತ್ತೀರಿ. ಅವರು ಮೂಲದೊಂದಿಗೆ ಹೋಲಿಸಿ, ನೋಂದಣಿ ನಂಬರ್ ಕೊಟ್ಟು, ಜಂಟಿ ನಿರ್ದೇಶಕರು ಅಥವಾ ಉಪನಿರ್ದೇಶಕರ ಸಹಿಯಿಂದ ಚೀಟಿ ಮಾಡುತ್ತಾರೆ. ಮೂಲ ಪುಸ್ತಕವನ್ನು ಅದೇ ದಿನ ವಾಪಸ್ ತೆಗೆದುಕೊಂಡು ಬನ್ನಿ. ಚೀಟಿ ಕೈಗೆ ಬಂದಾಗ ಕೌಂಟರ್ ಮುಂದೆಯೇ ನಿಂತು ಹೆಸರು, ನಂಬರ್, ರ‍್ಯಾಂಕ್, ಸೇವೆಯ ತಾರೀಖು ಓದಿ. ಅಲ್ಲೇ ಕಂಡ ತಪ್ಪು ಐದು ನಿಮಿಷದ ಕೆಲಸ, ಮನೆಗೆ ಬಂದ ಮೇಲೆ ಕಂಡರೆ ಮತ್ತೊಂದು ಬಸ್ಸು.

ಅದೇ ದಿನ ಉದ್ಯೋಗಕ್ಕೂ ಹೆಸರು ನೋಂದಾಯಿಸಿ ಬನ್ನಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10, ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತೆ ಹುದ್ದೆಗಳಲ್ಲಿ ಶೇ. 14.5 ಮೀಸಲಾತಿ ಇದೆ. ವಯಸ್ಸಿನಲ್ಲಿ ಸೇವೆಯ ವರ್ಷಗಳನ್ನು ಕಳೆದು ಮೇಲೆ ಮೂರು ವರ್ಷ ಸಡಿಲಿಕೆ ಸಿಗುತ್ತದೆ.

ಆಫೀಸರುಗಳಿಗೆ ಸೇನಾ ಮುಖ್ಯ ಕಚೇರಿಯಿಂದ ನಿವೃತ್ತರ ಕಾರ್ಡ್ ಬೇರೆ ಇರುತ್ತದೆ. ಆದರೂ ರಾಜ್ಯದ ಸೌಲಭ್ಯ ಬೇಕೆಂದರೆ ಬೋರ್ಡಿನಲ್ಲಿ ನೋಂದಣಿ ಬೇಕೇ ಬೇಕು.

ಪುಣೆಯಲ್ಲೋ ಹೈದರಾಬಾದಿನಲ್ಲೋ ನೆಲೆಸಿ ಅಲ್ಲಿಯ ಬೋರ್ಡಿನಲ್ಲಿ ಚೀಟಿ ಮಾಡಿಸಿದ್ದವರು ಈಗ ಊರಿಗೆ ಬಂದಿದ್ದರೆ, ಇಲ್ಲಿ ಹೊಸದು ಕೇಳುವ ಮೊದಲು ಅಲ್ಲಿಂದ ವರ್ಗಾವಣೆ ಪತ್ರ ತನ್ನಿ. ಎರಡು ಕಡೆ ಚೀಟಿ ಇಟ್ಟುಕೊಳ್ಳುವ ಹಾಗಿಲ್ಲ.

ಪುಸ್ತಕವೇ ಕಳೆದಿದ್ದರೆ

ಗೆದ್ದಲು ತಿಂದದ್ದು, ಹೊಳೆ ನೀರು ನುಗ್ಗಿ ಹಾಳಾದದ್ದು, ಬಸ್ಸಿನಲ್ಲಿ ಬಿಟ್ಟದ್ದು, ಎಲ್ಲ ಆಗುತ್ತವೆ. ಕಳೆದಿದ್ದರೆ ಮೊದಲು ಪೊಲೀಸ್ ದೂರು. ಕರ್ನಾಟಕದಲ್ಲಿ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಆನ್‌ಲೈನ್ ದೂರು ಕೊಡಬಹುದು. ಅದು ಸಾಕೋ, ಠಾಣೆಯ ಸಹಿ ಬೇಕೋ ಎಂದು ಬೋರ್ಡಿನಲ್ಲಿ ಕೇಳಿಕೊಳ್ಳಿ. ಆಮೇಲೆ ನೋಟರಿ ಅಫಿಡವಿಟ್ ಮಾಡಿಸಿ, ಪಿಪಿಒ ಪ್ರತಿ ಸೇರಿಸಿ ಬೋರ್ಡ್ ಮೂಲಕ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ನಕಲು ಪುಸ್ತಕವೋ ಅದರ ಬದಲಿಗೆ ಪ್ರಮಾಣಪತ್ರವೋ ಬರುತ್ತದೆ. ಅರ್ಧ ತಿಂದುಳಿದ ಪುಸ್ತಕವನ್ನು ಎಸೆಯಬೇಡಿ. ನಂಬರ್ ಇರುವ ಒಂದು ಪುಟ ಉಳಿದಿದ್ದರೂ ಕೆಲಸಕ್ಕೆ ಬರುತ್ತದೆ.

ಗಂಡನನ್ನು ಕಳೆದುಕೊಂಡ ಅಕ್ಕತಂಗಿಯರಿಗೆ

ಗಂಡನ ಚೀಟಿ ನಿಮಗೆ ಹಾಗೆಯೇ ನಡೆಯುವುದಿಲ್ಲ. ನಿಮ್ಮ ಹೆಸರಿನಲ್ಲೇ ಬೇರೆ ಚೀಟಿ ಕೊಡುತ್ತಾರೆ. ಮರಣ ಪ್ರಮಾಣಪತ್ರ, ಅವರ ಡಿಸ್ಚಾರ್ಜ್ ಬುಕ್, ಅವರ ಹಳೆಯ ಚೀಟಿ, ಫ್ಯಾಮಿಲಿ ಪೆನ್ಷನ್ನಿನ ಕಾಗದ, ನಿಮ್ಮ ಆಧಾರ್, ಫೋಟೋ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು ಸ್ಪರ್ಶ್‌ನಲ್ಲಿ ಮತ್ತು ರೆಕಾರ್ಡ್ ಆಫೀಸಿಗೆ ಸಾವಿನ ವಿಷಯ ತಿಳಿಸಿ ಫ್ಯಾಮಿಲಿ ಪೆನ್ಷನ್ ಶುರು ಮಾಡಿಸಿಕೊಳ್ಳಿ. ಗಾಬರಿಯಲ್ಲಿ ಅವರ ಖಾತೆಗೆ ಬಂದ ಪೆನ್ಷನ್ ತೆಗೆಯುತ್ತಾ ಹೋದರೆ ಆಮೇಲೆ ವಾಪಸ್ ಕಟ್ಟಬೇಕಾಗುತ್ತದೆ. ಬರೆಯಲು ಬಾರದು ಅಂತ ಹಿಂಜರಿಯಬೇಡಿ. ಬೋರ್ಡಿನಲ್ಲಿ ಅರ್ಜಿ ತುಂಬಿಕೊಡಲು ಕೇಳಿ, ಅದು ಅವರ ಕೆಲಸವೇ.

ಮಕ್ಕಳ ಸೀಟಿಗೆ ಚೀಟಿ ಸಾಲದು

ಸಿಇಟಿಯಲ್ಲಿ ಮಾಜಿ ಸೈನಿಕರ ಮಕ್ಕಳ ಕೋಟಾ ಕೇಳುವಾಗ, ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಬೋರ್ಡಿನಿಂದ ಪ್ರತ್ಯೇಕ ಪ್ರಮಾಣಪತ್ರ ಬೇಕು. ಆ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500. ಮಗುವಿನ ಹೆಸರು ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಮಗಳು ಹತ್ತನೇ ತರಗತಿಗೆ ಬಂದಾಗಲೇ ನೋಡಿ ಸರಿಪಡಿಸಿ. ಕೌನ್ಸೆಲಿಂಗ್ ಸಮಯದಲ್ಲಿ ಬೋರ್ಡಿನ ಮುಂದಿನ ಸಾಲು ಕಂಡವರಿಗೇ ಗೊತ್ತು.

ಈ ಚೀಟಿಯಿಂದ ಏನು ಆಗುವುದಿಲ್ಲ

ಆಸ್ಪತ್ರೆಗೆ ಇಸಿಎಚ್‌ಎಸ್ ಕಾರ್ಡ್ ಬೇರೆ. ಕ್ಯಾಂಟೀನಿಗೆ ಸಿಎಸ್‌ಡಿ ಕಾರ್ಡ್ ಬೇರೆ. ಬೋರ್ಡಿನ ಚೀಟಿ ತೋರಿಸಿದರೆ ಎರಡೂ ಕಡೆ ನಡೆಯುವುದಿಲ್ಲ. ಅವುಗಳಿಗೆ ಅರ್ಜಿ ಹಾಕುವಾಗಲೂ ಹೆಸರು ಇದೇ ರೀತಿ ತಾಳೆ ನೋಡುತ್ತಾರೆ.

ಇನ್ನು ಟೋಲ್. ಚೀಟಿ ಬಂದ ಹೊಸತರಲ್ಲಿ ನಾನು ಹೆದ್ದಾರಿಯ ಟೋಲ್ ಗೇಟಿನಲ್ಲಿ ಕಾರಿನ ಗಾಜು ಇಳಿಸಿ ಗತ್ತಿನಿಂದ ತೋರಿಸಿದೆ. ಆ ವಿನಾಯಿತಿ 1901ರ ಕಾಯ್ದೆಯ ಪ್ರಕಾರ ಡ್ಯೂಟಿಯಲ್ಲಿರುವ ಸೈನಿಕರಿಗೆ ಮಾತ್ರ, ನಿವೃತ್ತರಿಗಲ್ಲ. ಗೇಟಿನ ಹುಡುಗ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ನನಗೊಂದು ಸಲ್ಯೂಟ್ ಹೊಡೆದು, ದುಡ್ಡು ಕೇಳಿದ. ಕೊಟ್ಟು ಬಂದೆ.